ಊರಿ ಇಲಾನ್: ಚೀಟಿಯ ಎರಡೂ ಮಾತುಗಳನ್ನು ನೆನೆಯುವ ಬಗ್ಗೆ

ಧಾರವಾಡದ ಗ್ರಂಥಪಾಲಕ

ಮಾನ್ಯ ಸದಸ್ಯರೇ,

ಇಸ್ರೇಲಿನ ಗಾನ್ ಶ್ಮುಯೆಲ್ ಎಂಬ ಕಿಬುತ್ಸಿನಲ್ಲಿ, ಅಂದರೆ ಜಮೀನು, ದುಡಿಮೆ, ಊಟ, ಮಕ್ಕಳ ಪಾಲನೆ ಎಲ್ಲವನ್ನೂ ಒಟ್ಟಾಗಿ ನಡೆಸುವ ಕೃಷಿ ಸಮುದಾಯವೊಂದರಲ್ಲಿ, 1935ರ ಫೆಬ್ರವರಿಯಲ್ಲಿ ಹುಟ್ಟಿ, 1955ರ ಜನವರಿ 13ರಂದು ದಮಾಸ್ಕಸ್ಸಿನ ಜೈಲಿನಲ್ಲಿ ಸತ್ತ ಊರಿ ಇಲಾನ್ ಎಂಬ ಸೈನಿಕನ ಬಗ್ಗೆ ಇಲ್ಲಿ ಚರ್ಚಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಾನು ಓದಿದ ಮಟ್ಟಿಗೆ ಕನ್ನಡದಲ್ಲಿ ಇಸ್ರೇಲಿ ಸೈನಿಕರ ಕುರಿತು ಬಂದಿರುವ ಬರಹಗಳು ಹೆಚ್ಚಾಗಿ ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬಂದ ಎಂಟೆಬೆ ಕಾರ್ಯಾಚರಣೆಯಂತಹ ಗೆಲುವುಗಳನ್ನು ಕುರಿತವು. ಸೋತು ಸಿಕ್ಕಿಬಿದ್ದು ಒಂಟಿಯಾಗಿ ಸತ್ತ ಹುಡುಗನನ್ನು ಅದೇ ದೇಶ ಹೇಗೆ ನೆನೆದುಕೊಂಡಿತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ನಡೆದದ್ದು ಹೀಗೆ. 1954ರ ಡಿಸೆಂಬರ್ 8ರ ರಾತ್ರಿ ಐವರು ಇಸ್ರೇಲಿ ಸೈನಿಕರು ಗಡಿ ದಾಟಿ, ಆಗ ಸಿರಿಯಾದ ಕೈಯಲ್ಲಿದ್ದ ಗೋಲಾನ್ ಪ್ರಸ್ಥಭೂಮಿಯನ್ನು ಹತ್ತಿದರು. ಅಲ್ಲಿನ ಟೆಲಿಫೋನ್ ತಂತಿಗೆ ಮೊದಲೇ ಗುಟ್ಟಾಗಿ ಜೋಡಿಸಿದ್ದ ಕದ್ದಾಲಿಕೆ ಉಪಕರಣದ ಬ್ಯಾಟರಿ ಬದಲಿಸಿ ಬರುವುದು ಅವರಿಗೆ ಒಪ್ಪಿಸಿದ್ದ ಕೆಲಸ. ಊರಿ ಗೋಲಾನಿ ಎಂಬ ಕಾಲಾಳು ಬ್ರಿಗೇಡಿನವನು. ತಂಡದಲ್ಲಿ ಪ್ಯಾರಾಟ್ರೂಪರುಗಳೂ ಇದ್ದರು. ಸಿರಿಯಾದ ಸೇನೆ ಐವರನ್ನೂ ಸೆರೆಹಿಡಿದು ದಮಾಸ್ಕಸ್ಸಿಗೆ ಸಾಗಿಸಿತು, ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕಿತು, ಹಿಂಸೆ ಕೊಟ್ಟು ವಿಚಾರಣೆ ನಡೆಸಿತು. ನಾಲ್ಕು ದಿನಗಳ ನಂತರ ಇಸ್ರೇಲಿನ ಯುದ್ಧವಿಮಾನಗಳು ಸಿರಿಯಾದ ಪ್ರಯಾಣಿಕರ ವಿಮಾನವೊಂದನ್ನು ಅಡ್ಡಗಟ್ಟಿ ಬಲವಂತದಿಂದ ಇಸ್ರೇಲಿನ ಲೋದ್ ನಿಲ್ದಾಣದಲ್ಲಿ ಇಳಿಸಿದವು. ಪ್ರಯಾಣಿಕರನ್ನು ಒತ್ತೆ ಇಟ್ಟುಕೊಂಡು ತಮ್ಮ ಹುಡುಗರನ್ನು ಬಿಡಿಸಿಕೊಳ್ಳುವುದು ಸೇನೆಯ ಲೆಕ್ಕಾಚಾರವಾಗಿತ್ತು. ಪ್ರಧಾನಿ ಮೋಶೆ ಶರೆತ್ ಇದನ್ನು ಕಟುವಾಗಿ ವಿರೋಧಿಸಿದರು; ಪ್ರಯಾಣಿಕರನ್ನು ಬಿಟ್ಟು ಕಳುಹಿಸಲಾಯಿತು. ಸೆರೆಯಾಳುಗಳು ಅಲ್ಲಿಯೇ ಉಳಿದರು.

ಜತೆಯವರನ್ನೆಲ್ಲ ಕೊಂದಾಯಿತೆಂದು ಊರಿಯನ್ನು ನಂಬಿಸಲಾಗಿತ್ತು. ಅದು ಸುಳ್ಳು, ನಾಲ್ವರೂ ಅದೇ ಊರಿನಲ್ಲಿ ಜೀವಂತ ಇದ್ದರು. ಸೆರೆಸಿಕ್ಕಿ ಐದು ವಾರಗಳಾದ ಮೇಲೆ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಮರುದಿನ ಶವ ಇಸ್ರೇಲಿಗೆ ಬಂದಾಗ ಅದರ ಮೇಲೆ ಅಡಗಿಸಿಟ್ಟಿದ್ದ ಕಾಗದದ ತುಂಡುಗಳು ಸಿಕ್ಕವು. ಪೆನ್ನು, ಪೆನ್ಸಿಲ್ ಯಾವುದೂ ಇಲ್ಲದ ಕೋಣೆಯಲ್ಲಿ ಅವನು ಕಾಗದಕ್ಕೆ ಒಂದೊಂದೇ ತೂತು ಚುಚ್ಚಿ ಅಕ್ಷರಗಳನ್ನು ಮೂಡಿಸಿದ್ದ. ಅಂತ್ಯಕ್ರಿಯೆಯಲ್ಲಿ ಮಾತನಾಡಿದ ಸೇನಾ ಮುಖ್ಯಸ್ಥ ಮೋಶೆ ದಯಾನ್, "ನಾನು ದ್ರೋಹ ಮಾಡಿಲ್ಲ" ಎಂಬ ಅವನ ಮಾತನ್ನು ದೇಶದ ಮುಂದಿಟ್ಟರು. ಅದು ಪಠ್ಯಕ್ಕೆ ಹೋಯಿತು, ಸೈನಿಕ ಶಿಕ್ಷಣಕ್ಕೆ ಹೋಯಿತು, ಒಂದು ತಲೆಮಾರಿನ ಎದೆಯಲ್ಲಿ ಉಳಿಯಿತು. ಆದರೆ ಚೀಟಿಯಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಮಾತಿತ್ತು: "ಆತ್ಮಹತ್ಯೆ ಮಾಡಿಕೊಂಡೆ." ಅದನ್ನು ಆಗ ಜನರಿಗೆ ತಿಳಿಸಲಿಲ್ಲ.

ಒಬ್ಬ ಹುಡುಗನ ಕೊನೆಯ ಪತ್ರದ ಅರ್ಧವನ್ನು ಮಾತ್ರ ಓದಿ ಅವನನ್ನು ನೆನೆಯುವುದು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಅದು ಸಾಧ್ಯವಿಲ್ಲ. ಉಳಿದವರ ಅಭಿಪ್ರಾಯವನ್ನು ತಿಳಿಯಲು ಕಾದಿದ್ದೇನೆ.


ತೋಟಗಾರ, ಶಿರಸಿ

ಗ್ರಂಥಪಾಲಕ ಸರ್, ಬರಹಕ್ಕೆ ಧನ್ಯವಾದಗಳು. ಕೊನೆಯ ಐದು ವಾರಗಳನ್ನು ವಿವರವಾಗಿ ಬರೆದಿದ್ದೀರಿ. ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷಗಳು ನಿಮ್ಮ ಬರಹದಲ್ಲಿ ಒಂದೇ ವಾಕ್ಯದಲ್ಲಿ ಮುಗಿದವು. ಆ ಹುಡುಗ ಬೆಳೆದದ್ದು ಎಂತಹ ನೆಲದಲ್ಲಿ, ಏನು ಬೆಳೆಯುವ ಊರಿನಲ್ಲಿ, ಯಾರ ಕೈಯಲ್ಲಿ? ಸತ್ತ ರೀತಿಗಿಂತ ಬದುಕಿದ ರೀತಿ ಗೊತ್ತಾದರೆ ನೆನಪಿಗೆ ಒಂದು ಮುಖ ಬರುತ್ತದೆ ಎಂದು ನನಗೆ ಅನಿಸುತ್ತದೆ.


ಇತಿಹಾಸ ಶಿಕ್ಷಕಿ, ಮೈಸೂರು

ತೋಟಗಾರರ ಪ್ರಶ್ನೆ ಸರಿಯಾಗಿದೆ. ಕಿಬುತ್ಸ್ ಚಳವಳಿಯ ಬಗ್ಗೆ ನಾನು ಅನೇಕ ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ, ತಿಳಿದಷ್ಟನ್ನು ಹೇಳುತ್ತೇನೆ.

ಗಾನ್ ಶ್ಮುಯೆಲ್ ಇರುವುದು ಮೆಡಿಟರೇನಿಯನ್ ಕರಾವಳಿಯ ಬಯಲಿನಲ್ಲಿ, ಹದೇರಾ ಪಟ್ಟಣದ ಪಕ್ಕದಲ್ಲಿ. ಹದೇರಾದ ಸುತ್ತಮುತ್ತಲಿನ ಜೌಗುನೆಲದ ಮಲೇರಿಯಾ ಮೊದಲ ತಲೆಮಾರಿನ ನೆಲಸಿಗರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತ್ತು. 1890ರ ದಶಕದಲ್ಲಿ ಅಲ್ಲಿ ಒಂದು ಎತ್ರೋಗ್ ತೋಪು ಹಾಕಿದರು. ಶಿರಸಿಯವರಿಗೆ ವಿವರಿಸಬೇಕಾಗಿಲ್ಲ, ಅದು ನಮ್ಮ ಮಾದಲ ಹಣ್ಣಿನ ಜಾತಿಯದು. ಯಹೂದಿಗಳು ಸುಕ್ಕೋತ್ ಹಬ್ಬದಲ್ಲಿ ಅದನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತಾರೆ. ರಬ್ಬಿ ಶ್ಮುಯೆಲ್ ಮೊಹಿಲೆವರ್ ಅವರ ಹೆಸರನ್ನು ಆ ತೋಪಿಗೆ ಇಟ್ಟರು. 1920ರ ದಶಕದ ಹೊತ್ತಿಗೆ ಅಲ್ಲಿ ಕಿಬುತ್ಸ್ ಬೇರೂರಿತು. ಮುಂದೆ ಕಿತ್ತಳೆ ಜಾತಿಯ ಹಣ್ಣುಗಳೇ ಅದರ ಮುಖ್ಯ ಆದಾಯವಾದವು, ರಸ ತೆಗೆಯುವ ಕಾರ್ಖಾನೆಯೂ ಬಂತು. ಊರಿ ಹುಟ್ಟುವ ಹೊತ್ತಿಗೆ ಇದು ದುಡ್ಡಿಲ್ಲದ, ದುಡಿಮೆ ಹೆಚ್ಚಿದ್ದ, ಸಮಾಜವಾದದಲ್ಲಿ ಗಾಢ ನಂಬಿಕೆ ಇಟ್ಟ ಊರು. ಅದು ಸೇರಿದ್ದ ಹಶೋಮೆರ್ ಹತ್ಸಾಯಿರ್ ಪಂಗಡ ಕಿಬುತ್ಸ್ ಚಳವಳಿಯ ಎಡಭಾಗದಲ್ಲಿದ್ದದ್ದು.

ಅಲ್ಲಿ ಮಕ್ಕಳು ರಾತ್ರಿ ತಂದೆತಾಯಿಯರ ಜತೆ ಮಲಗುತ್ತಿರಲಿಲ್ಲ. ಹುಟ್ಟಿದ ಕೆಲವೇ ದಿನಗಳಿಂದ ಮಕ್ಕಳ ಮನೆಯಲ್ಲೇ ಅವರ ವಾಸ. ನೋಡಿಕೊಳ್ಳಲು ಒಬ್ಬ ಪಾಲಕಿ, ರಾತ್ರಿ ಸುತ್ತು ಹಾಕಲು ಕಾವಲು ಪಾಳಿಯ ಹೆಂಗಸು. ಸಂಜೆ ಹೊಲದ ಕೆಲಸ ಮುಗಿಸಿ ಬಂದ ತಾಯ್ತಂದೆಯರೊಡನೆ ಒಂದೆರಡು ಗಂಟೆ ಕಳೆದು, ಮಲಗುವ ಹೊತ್ತಿಗೆ ಮಗು ಮತ್ತೆ ತನ್ನ ಗುಂಪಿಗೆ ಮರಳುತ್ತಿತ್ತು. ಒಂದೇ ವಯಸ್ಸಿನ ಹುಡುಗ ಹುಡುಗಿಯರು ತೊಟ್ಟಿಲಿನಿಂದ ಹದಿನೆಂಟರವರೆಗೆ ಒಂದೇ ಕೋಣೆ, ಒಂದೇ ಪಾಠ, ಒಂದೇ ಊಟದ ಮೇಜು ಹಂಚಿಕೊಳ್ಳುತ್ತಿದ್ದರು. ಮಕ್ಕಳಿಗೇ ಒಂದು ಪುಟ್ಟ ಹೊಲವಿರುತ್ತಿತ್ತು. ಕೋಳಿಗೆ ಕಾಳು ಹಾಕುವುದು, ತರಕಾರಿ ಮಡಿಗೆ ನೀರು ಬಿಡುವುದು ಪಾಠದಷ್ಟೇ ಕಡ್ಡಾಯ. ಈ ಪದ್ಧತಿ 1990ರ ದಶಕದ ಹೊತ್ತಿಗೆ ಪೂರ್ತಿ ನಿಂತಿತು. ಅದರಲ್ಲಿ ಬೆಳೆದವರಲ್ಲೇ ಅನೇಕರು ಅದರ ಒಂಟಿತನವನ್ನು ನೋವಿನಿಂದ ಹೇಳಿಕೊಂಡಿದ್ದಾರೆ, ಅದರ ಗೆಳೆತನವನ್ನು ಹೊಗಳಿದವರೂ ಇದ್ದಾರೆ.

ಊರಿಯ ತಾಯಿ ಫೈಗೆ ಇಲಾನಿತ್ ಇಸ್ರೇಲಿನ ಮೊದಲ ಸಂಸತ್ತಿನಲ್ಲಿ ಮಪಾಮ್ ಎಂಬ ಎಡಪಂಥೀಯ ಪಕ್ಷದ ಸದಸ್ಯೆಯಾಗಿದ್ದವರು. ಅಂದರೆ ಈ ಹುಡುಗ ಸಾರ್ವಜನಿಕ ಕರ್ತವ್ಯದ ಮಾತುಗಳನ್ನೇ ಕೇಳಿ ಬೆಳೆದವನು. ಗುಂಪಿನ ನಂಬಿಕೆಗೆ ತಪ್ಪಬಾರದು ಎಂಬುದು ಅಂತಹ ಊರಿನ ಮೊದಲ ಪಾಠ. ಈ ಹಿನ್ನೆಲೆಯಲ್ಲಿ ಆ ಚೀಟಿಯನ್ನು ಓದಿದಾಗ ಒಂದು ವಿಷಯ ನನಗೆ ತೀರಾ ಸ್ಪಷ್ಟವಾಗಿ ಕಾಣುತ್ತದೆ. ಎಂದೂ ಒಬ್ಬನೇ ಮಲಗಿರದ, ಹುಟ್ಟಿನಿಂದ ಹತ್ತು ಹನ್ನೆರಡು ಮಕ್ಕಳ ಉಸಿರಾಟದ ನಡುವೆ ನಿದ್ದೆ ಮಾಡಿದ್ದ ಹುಡುಗನನ್ನು ಒಂಟಿ ಕೋಣೆಯಲ್ಲಿ ಇಟ್ಟು, ನಿನ್ನ ಗುಂಪು ಸತ್ತಿದೆ ಎಂದು ಹೇಳಿದ್ದರು. ಹೊಡೆತಕ್ಕಿಂತ ಈ ಸುಳ್ಳೇ ಅವನನ್ನು ಹೆಚ್ಚು ಮುರಿದಿರಬಹುದು ಎಂಬುದು ನನ್ನ ಊಹೆ.


ನಿವೃತ್ತ ಹವಾಲ್ದಾರ್, ಕೊಡಗು

ಗ್ರಂಥಪಾಲಕರು "ಅರ್ಧ ಪತ್ರ" ಎಂದದ್ದು ನನಗೆ ಮೊದಲು ಸ್ವಲ್ಪ ಕಟುವೆನಿಸಿತು. ಸೇನೆಯ ದೃಷ್ಟಿಯಿಂದಲೂ ನೋಡಬೇಕು. 1955ರಲ್ಲಿ ಇಸ್ರೇಲಿಗೆ ಏಳು ವರ್ಷವೂ ತುಂಬಿರಲಿಲ್ಲ. ಸುತ್ತಲಿನ ಒಂದು ದೇಶದೊಡನೆಯೂ ಶಾಂತಿ ಒಪ್ಪಂದವಿರಲಿಲ್ಲ. ಅಂತಹ ಹೊತ್ತಿನಲ್ಲಿ ಸೆರೆಮನೆಯಲ್ಲಿ ಪ್ರಾಣ ಬಿಟ್ಟ ಹುಡುಗನ ತಾಯಿಯ ಮುಂದೆ ನಿಂತು ಸೇನಾ ಮುಖ್ಯಸ್ಥ ಏನು ಹೇಳಬೇಕಿತ್ತು? ಆತ್ಮಹತ್ಯೆಯನ್ನು ಸೇನೆ ಸಾರ್ವಜನಿಕವಾಗಿ ಎತ್ತಿಹಿಡಿದಿದ್ದರೆ ಮುಂದೆ ಸೆರೆಸಿಕ್ಕ ಪ್ರತಿ ಹುಡುಗನೂ ಅದನ್ನೇ ಕರ್ತವ್ಯವೆಂದು ತಿಳಿಯುವ ಅಪಾಯವಿತ್ತು. ಆ ಮಾತನ್ನು ಮರೆಮಾಡಿದ್ದರಲ್ಲಿ ಅಷ್ಟು ವಿವೇಕವಾದರೂ ಇದ್ದಿರಬಹುದು ಎಂದು ನಾನು ಭಾವಿಸುತ್ತೇನೆ.

ಆದರೆ ಉಳಿದ ನಾಲ್ವರ ಕಥೆಯನ್ನು ಓದಿದ ಮೇಲೆ ನನ್ನ ಮನಸ್ಸು ಬೇರೆ ಕಡೆ ಹೋಯಿತು. ಅವರು ಸುಮಾರು 15 ತಿಂಗಳು ದಮಾಸ್ಕಸ್ಸಿನಲ್ಲಿ ಅನುಭವಿಸಿ, 1956ರ ಮಾರ್ಚ್ ಕೊನೆಯಲ್ಲಿ ಸಿರಿಯಾದ ಸೆರೆಯಾಳುಗಳ ವಿನಿಮಯದಲ್ಲಿ ಊರಿಗೆ ಮರಳಿದರು. ಬಂದವರನ್ನು ದೇಶ ಸ್ವಾಗತಿಸಿತು, ಜತೆಗೆ ವಿಚಾರಣೆಯೂ ನಡೆಯಿತು. ಹೋರಾಡದೆ ಶರಣಾದದ್ದು ಏಕೆ, ಸೆರೆಯಲ್ಲಿ ಏನೇನು ಹೇಳಿದಿರಿ ಎಂಬ ಪ್ರಶ್ನೆಗಳು ಅವರ ಮುಂದಿದ್ದವು. ತಂಡದ ನಾಯಕ ಮೇಯಿರ್ ಯಾಕೋಬಿಯನ್ನು ಸಾಮಾನ್ಯ ಸಿಪಾಯಿಯ ದರ್ಜೆಗೆ ಇಳಿಸಿದರು. ಅದೇ ವರ್ಷ ಈಜಿಪ್ಟಿನ ವಿರುದ್ಧ ನಡೆದ ಸಿನಾಯ್ ಯುದ್ಧದಲ್ಲಿ ಆತ ಮತ್ತೆ ರಣರಂಗಕ್ಕೆ ಹೋಗಿ ಅಲ್ಲಿ ಸತ್ತ. ಚಿತ್ರಹಿಂಸೆಯಲ್ಲಿ ಬಾಯಿ ಬಿಟ್ಟವರ ಎದುರು "ನಾನು ದ್ರೋಹ ಮಾಡಿಲ್ಲ" ಎಂಬ ಸತ್ತವನ ಮಾತನ್ನು ಅಳತೆಗೋಲಾಗಿ ಇಟ್ಟರೆ, ಬದುಕಿ ಬಂದದ್ದೇ ಅಪರಾಧದಂತೆ ಕಾಣುವುದಿಲ್ಲವೇ?

ಸೇನೆಯಲ್ಲಿ ನಮಗೆ ಕಲಿಸಿದ್ದು ಹೀಗೆ: ಸೆರೆಸಿಕ್ಕರೆ ಹೆಸರು, ದರ್ಜೆ, ನಂಬರು, ಹುಟ್ಟಿದ ತಾರೀಕು ಹೇಳಬೇಕು, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 1949ರ ಜಿನೀವಾ ಒಪ್ಪಂದದ ನಿಯಮವೂ ಅದೇ. ಆ ಒಪ್ಪಂದವು ಸೆರೆಯಾಳಿನ ಬಾಯಿ ಬಿಡಿಸಲು ದೈಹಿಕ, ಮಾನಸಿಕ ಹಿಂಸೆ ಕೊಡುವುದನ್ನು ಪೂರ್ತಿ ನಿಷೇಧಿಸುತ್ತದೆ. ಸಿರಿಯಾ, ಇಸ್ರೇಲ್ ಎರಡೂ ಆ ಹೊತ್ತಿಗೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದವು. ಹಾಗಿದ್ದ ಮೇಲೆ ಆ ಐವರಲ್ಲಿ ಯಾರು ಮಾತಾಡಿದರು, ಯಾರು ಮಾತಾಡಲಿಲ್ಲ ಎಂದು ಕೇಳುವ ಮುಂಚೆ, ಅವರನ್ನು ಹಿಂಸಿಸಿದವರನ್ನು ಪ್ರಶ್ನಿಸಬೇಕು. ನಾಲ್ಕು ಗೋಡೆಗಳ ಒಳಗೆ ಮನುಷ್ಯ ಎಷ್ಟು ತಡೆದುಕೊಳ್ಳಬಲ್ಲ ಎಂಬುದನ್ನು ಹೊರಗೆ ಕುಳಿತವರು ತೀರ್ಮಾನಿಸಬಾರದು. ಇದನ್ನು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತಿದ್ದೇನೆ.


ಕರಾವಳಿಯಿಂದ ಹದೇರಾಕ್ಕೆ

ನಮಸ್ಕಾರ. ನಮ್ಮ ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಬಂದು ವಯಸ್ಸಾದವರ ಆರೈಕೆಯ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಹದೇರಾ ಎಂಬ ಹೆಸರನ್ನು ಇಲ್ಲಿ ನೋಡಿ ಬರೆಯಬೇಕೆನಿಸಿತು.

ನಾನು ನೋಡಿಕೊಳ್ಳುವ ಅಜ್ಜಿಯನ್ನು ಇಲ್ಲಿನ ರೂಢಿಯಂತೆ ಸಾವ್ತಾ ಎಂದು ಕರೆಯುತ್ತೇನೆ. ಅವರು ಕಿಬುತ್ಸಿನಲ್ಲಿ ಬೆಳೆದವರು. ಸೈನಿಕರ ಸ್ಮರಣೆಯ ದಿನ ಇಲ್ಲಿ ಹಿಂದಿನ ಸಂಜೆಯೇ ಶುರುವಾಗುತ್ತದೆ. ರಾತ್ರಿ ಎಂಟಕ್ಕೆ ಒಂದು ನಿಮಿಷ, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ದೇಶದಾದ್ಯಂತ ಸೈರನ್ ಕೂಗುತ್ತದೆ. ಹೆದ್ದಾರಿಯಲ್ಲಿ ಹೋಗುವ ಕಾರುಗಳೂ ನಿಲ್ಲುತ್ತವೆ, ಒಳಗಿದ್ದವರು ಬಾಗಿಲು ತೆರೆದು ರಸ್ತೆಯ ಮೇಲೇ ನಿಂತುಕೊಳ್ಳುತ್ತಾರೆ. ಸಾವ್ತಾ ಹತ್ತೂಮುಕ್ಕಾಲಿಗೇ ನನ್ನಿಂದ ಬಿಳಿ ಅಂಗಿ ಹಾಕಿಸಿಕೊಂಡು ವಾಕರ್ ಹತ್ತಿರ ತರಿಸಿಕೊಳ್ಳುತ್ತಾರೆ. ಮೊದಲ ವರ್ಷ ನಾನು ತೋಳು ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದರು. ಕಾಲು ನಡುಗುತ್ತಿದ್ದರೂ ಎರಡು ನಿಮಿಷ ತಾವೇ ನಿಂತರು. ಸೈರನ್ ನಿಂತ ಮೇಲೆ ಕುಳಿತು ನೀರು ಕೇಳಿದರು.

ಟಿವಿಯ ಒಂದು ವಾಹಿನಿಯಲ್ಲಿ ಇಡೀ ದಿನ ಸತ್ತವರ ಹೆಸರುಗಳೇ ಒಂದಾದ ಮೇಲೊಂದು ಬರುತ್ತವೆ. ಪ್ರತಿ ಹೆಸರಿಗೂ ಕೆಲವು ಸೆಕೆಂಡುಗಳು ಮಾತ್ರ. ದೊಡ್ಡ ಅಧಿಕಾರಿ, ಸಾಮಾನ್ಯ ಸಿಪಾಯಿ ಎಂಬ ಭೇದವಿಲ್ಲ. ಊರಿ ಇಲಾನ್ ಬಗ್ಗೆ ನಾನು ಮೊದಲು ಕೇಳಿದ್ದು ಸಾವ್ತಾ ಅವರಿಂದಲೇ. ಶಾಲೆಯಲ್ಲಿ ಅವನ ಮಾತನ್ನು ಹೇಳಿಕೊಡುವಾಗ ಟೀಚರ್ ಕಣ್ಣಲ್ಲಿ ನೀರು ಬಂದಿತ್ತಂತೆ. ಎರಡನೇ ಮಾತನ್ನು ಅವರು ಓದಿದ್ದು ಎಷ್ಟೋ ವರ್ಷಗಳ ನಂತರ ಪತ್ರಿಕೆಯಲ್ಲಿ. ಓದಿ ಸಿಟ್ಟು ಬಂತೇ ಎಂದು ಕೇಳಿದೆ. ಸಿಟ್ಟು ಬರಲಿಲ್ಲ, ಆ ದಿನವೇ ಅವನು ನನ್ನ ತಮ್ಮನ ಹಾಗೆ ಕಂಡದ್ದು ಎಂದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.


ಇತಿಹಾಸ ಶಿಕ್ಷಕಿ, ಮೈಸೂರು

ಅಕ್ಕಾ, ನಿಮ್ಮ ಸಾವ್ತಾ ಹೇಳಿದ ಮಾತು ನಮ್ಮ ಚರ್ಚೆಯ ನಡುಮಧ್ಯಕ್ಕೇ ಬಂದಿದೆ. ನಾನು ಇನ್ನೊಂದು ಸಂಗತಿಯನ್ನು ಸೇರಿಸದೆ ಇರಲಾರೆ; ಕೆಲವರಿಗೆ ಅದು ಅಪ್ರಿಯವಾಗಬಹುದು.

ಗಾನ್ ಶ್ಮುಯೆಲ್ ಪಕ್ಕದಲ್ಲೇ ಖಿರ್ಬತ್ ಅಸ್-ಸರ್ಕಸ್ ಎಂಬ ಅರಬ್ ಹಳ್ಳಿ ಇತ್ತು. 1948ರ ಏಪ್ರಿಲಿನಲ್ಲಿ ಯಹೂದಿಗಳ ಹಗಾನಾ ಪಡೆ ಅಲ್ಲಿನ ಜನರನ್ನು ಹೊರಗೆ ಕಳುಹಿಸಿತು, ಹಳ್ಳಿ ಹಾಳಾಯಿತು. ಆಗ ಊರಿ ಇಲಾನನಿಗೆ ಹದಿಮೂರು ವರ್ಷ. ಅವನು ಅದನ್ನು ಹೇಗೆ ಕಂಡನೋ ಹೇಳುವ ಹಾಗಿಲ್ಲ. ಆದರೆ ಅದೇ ಕಿಬುತ್ಸಿನಲ್ಲಿ ಅವನಿಗಿಂತ ಸುಮಾರು ಹನ್ನೊಂದು ವರ್ಷ ಚಿಕ್ಕವನಾಗಿ ಬೆಳೆದ ಊದಿ ಆದಿವ್, ಆ ಹಾಳು ಹಳ್ಳಿಯ ನೆನಪು ತನ್ನ ವಿಚಾರವನ್ನು ಬದಲಿಸಿತೆಂದು ಮುಂದೆ ಹೇಳಿಕೊಂಡ. ಆತ 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಜೆರುಸಲೇಮಿನಲ್ಲಿ ಹೋರಾಡಿದ ಪ್ಯಾರಾಟ್ರೂಪರ್. ಅನಂತರ ಗುಟ್ಟಾಗಿ ದಮಾಸ್ಕಸ್ಸಿಗೆ ಹೋಗಿ ಬಂದ. 1972ರ ಡಿಸೆಂಬರಿನಲ್ಲಿ ಬಂಧನವಾಯಿತು. ಸಿರಿಯಾದ ಪರ ಬೇಹುಗಾರಿಕೆಯ ಆರೋಪದ ಮೇಲೆ 1973ರಲ್ಲಿ 17 ವರ್ಷಗಳ ಶಿಕ್ಷೆಯಾಯಿತು. ಊರಿ ಇಲಾನನ ಊರಿನಿಂದಲೇ ಇಂಥವನು ಬಂದನೇ ಎಂದು ಇಡೀ ಇಸ್ರೇಲ್ ಬೆಚ್ಚಿತ್ತು. ಆ ಹೊತ್ತಿಗೆ ಊರಿಯ ಹೆಸರು ಒಬ್ಬ ಹುಡುಗನದಾಗಿ ಉಳಿದಿರಲಿಲ್ಲ; ಮತ್ತೊಬ್ಬನ ವಿರುದ್ಧ ಎತ್ತಿ ತೋರಿಸುವ ಸಾಕ್ಷಿಯಾಗಿತ್ತು. ನನಗೆ ನೋವಾಗುವುದು ಅಲ್ಲಿ.


ನಿವೃತ್ತ ಹವಾಲ್ದಾರ್, ಕೊಡಗು

ಮೇಡಂ, ಹಳ್ಳಿಯ ವಿಷಯ ಗೊತ್ತಿರಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು. ಆದರೆ ಇಬ್ಬರನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಒಬ್ಬನು ಆದೇಶ ಪಾಲಿಸಿ ಹೋಗಿ ಸಿಕ್ಕಿಬಿದ್ದ, ಇನ್ನೊಬ್ಬನು ತಾನಾಗಿ ಶತ್ರುದೇಶಕ್ಕೆ ಹೋದ. ಸೈನಿಕನಾಗಿದ್ದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.


ಇತಿಹಾಸ ಶಿಕ್ಷಕಿ, ಮೈಸೂರು

ಸರ್, ಇಬ್ಬರೂ ಒಂದೇ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಊರಿಯನ್ನು ಊರಿಯಾಗಿಯೇ ನೆನೆಯಬೇಕು, ಇನ್ನೊಬ್ಬರನ್ನು ಹೊಡೆಯುವ ಕೋಲಾಗಿ ಅಲ್ಲ ಎಂಬುದಷ್ಟೇ ನನ್ನ ಮಾತು. ಮರಳಿ ಬಂದ ನಾಲ್ವರ ಬಗ್ಗೆ ನೀವೇ ಹೇಳಿದ್ದೂ ಅದೇ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.


ನಿವೃತ್ತ ಹವಾಲ್ದಾರ್, ಕೊಡಗು

ಅದನ್ನು ಒಪ್ಪುತ್ತೇನೆ.


ತೋಟಗಾರ, ಶಿರಸಿ

ಕಿಬುತ್ಸುಗಳಿಂದ ಸೇನೆಗೆ ಹೋದವರ ಸಂಖ್ಯೆಯ ಬಗ್ಗೆ ಓದುತ್ತಿದ್ದೆ. 1967ರಲ್ಲಿ ಇಸ್ರೇಲಿನ ಜನಸಂಖ್ಯೆಯಲ್ಲಿ ಕಿಬುತ್ಸಿನವರು ನೂರಕ್ಕೆ ಸುಮಾರು ನಾಲ್ಕರಷ್ಟು ಮಾತ್ರ. ಆ ವರ್ಷದ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಅವರ ಪಾಲು ನಾಲ್ಕನೇ ಒಂದು ಭಾಗದಷ್ಟಿತ್ತು ಎಂಬ ಅಂದಾಜಿದೆ. ಕೆಲವೇ ನೂರು ಜನರ ಊರಿನಲ್ಲಿ ಒಂದು ಸಾವೆಂದರೆ ಅದು ಒಂದು ಮನೆಯ ಸಾವಾಗಿ ನಿಲ್ಲುವುದಿಲ್ಲ. ಬೆಳಗ್ಗೆ ಊಟದ ಮನೆಯಲ್ಲಿ ಯಾರು ತೋಪಿಗೆ, ಯಾರು ಕೊಟ್ಟಿಗೆಗೆ ಎಂದು ಕೆಲಸದ ಪಟ್ಟಿ ಹಾಕುವವನಿಗೂ ಅವನು ಗೊತ್ತು, ಮಗುವಾಗಿದ್ದಾಗ ಎತ್ತಿ ಆಡಿಸಿದ ಪಾಲಕಿಗೂ ಗೊತ್ತು, ಒಂದೇ ಕೋಣೆಯಲ್ಲಿ ಬೆಳೆದ ಹನ್ನೆರಡು ಮಂದಿಗೂ ಗೊತ್ತು. ಹಾಗಾಗಿಯೇ ಅಲ್ಲಿ ಒಬ್ಬೊಬ್ಬ ಮೃತನಿಗೂ ಊರಿನವರೇ ಬರೆದು ಅಚ್ಚು ಹಾಕಿಸುವ ಸ್ಮರಣ ಪುಸ್ತಿಕೆಗಳ ಸಂಪ್ರದಾಯ ಬೆಳೆದಿದೆ. ಅವುಗಳಲ್ಲಿ ಗೆಳೆಯರ ನೆನಪು, ಹುಡುಗ ಬರೆದ ಪತ್ರಗಳು, ಶಾಲೆಯ ಪ್ರಬಂಧಗಳು ಇರುತ್ತವೆ. ಸೇನಾ ಮುಖ್ಯಸ್ಥರ ಭಾಷಣಕ್ಕಿಂತ ಆ ಪುಸ್ತಿಕೆಗಳೇ ನನಗೆ ನಿಜವಾದ ನೆನಪೆನಿಸುತ್ತವೆ.

ದಯಾನ್ ಅವರ ಬಗ್ಗೆ ಒಂದು ಮಾತು. ಅವರೂ ಹೊಲದ ಮಗನೇ. ಮೊದಲ ಕಿಬುತ್ಸ್ ದೆಗಾನ್ಯಾದಲ್ಲಿ 1915ರಲ್ಲಿ ಹುಟ್ಟಿ ನಹಲಾಲ್ ಎಂಬ ರೈತರ ಊರಿನಲ್ಲಿ ಬೆಳೆದವರು. ಊರಿ ಸತ್ತ ಮರುವರ್ಷ, 1956ರ ಏಪ್ರಿಲಿನಲ್ಲಿ, ಗಾಜಾ ಗಡಿಯ ನಹಲ್ ಓಜ್ ಕಿಬುತ್ಸಿನಲ್ಲಿ ಕೊಲೆಯಾದ ರೋಯಿ ರೋಟ್‌ಬರ್ಗ್ ಎಂಬ ಯುವಕನ ಶವದ ಮುಂದೆಯೂ ಅವರೇ ಮಾತನಾಡಿದರು. ಅಲ್ಲಿ ಅವರು ಗಡಿಯಾಚೆಯ ನಿರಾಶ್ರಿತರ ಸಿಟ್ಟಿಗೆ ಕಾರಣವೇನೆಂಬುದನ್ನೂ ನೇರವಾಗಿ ಹೇಳಿದರು, ತಮ್ಮವರು ಕತ್ತಿ ಕೆಳಗಿಡುವಂತಿಲ್ಲ ಎಂದೂ ಹೇಳಿದರು. ಊರಿಯ ವಿಷಯದಲ್ಲೂ ಅದೇ ನೇರವಂತಿಕೆ ಬಂದಿದ್ದರೆ ಉಳಿದ ನಾಲ್ವರ ಹೊರೆ ಕಡಿಮೆಯಾಗುತ್ತಿತ್ತು.


ಧಾರವಾಡದ ಗ್ರಂಥಪಾಲಕ

ಎಲ್ಲರಿಗೂ ಕೃತಜ್ಞತೆಗಳು. ಹವಾಲ್ದಾರರ ಒಂದು ವಾದ ನನ್ನನ್ನು ಯೋಚನೆಗೆ ಹಚ್ಚಿದೆ. ಆತ್ಮಹತ್ಯೆಯನ್ನು ಸೇನೆ ಕೊಂಡಾಡಬಾರದಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮರೆಮಾಚಿದ್ದರಿಂದ ಆ ಅಪಾಯ ತಪ್ಪಲಿಲ್ಲ. ಬಾಯಿ ಬಿಡದೆ ಸಾಯುವುದೇ ಸೆರೆಯಾಳಿನ ಕರ್ತವ್ಯವೆಂಬ ಅರ್ಥ ಆ ಒಂದೇ ಮಾತಿನಿಂದಲೂ ಹೊರಟಿತು. ಇಡೀ ಚೀಟಿಯನ್ನು ಓದಿದ್ದರೆ, ಸುಳ್ಳಿನಿಂದ ದಾರಿ ತಪ್ಪಿಸಿದ, ಭಯಪಡಿಸಿದ, ಯಾರ ಧ್ವನಿಯೂ ತಲುಪದಂತೆ ಮಾಡಿದ ಒಬ್ಬ ಹುಡುಗ ಎದುರಿಗೆ ಬರುತ್ತಿದ್ದ. ಹೀಗಾಗದಂತೆ ನಮ್ಮ ಮಕ್ಕಳನ್ನು ಹೇಗೆ ಸಿದ್ಧಪಡಿಸಬೇಕು ಎಂಬ ಪ್ರಶ್ನೆ ಏಳುತ್ತಿತ್ತು. ಮಾತು ತಪ್ಪಲಿಲ್ಲ ಎಂದು ತಿಳಿಸುವ ತವಕ, ತನಗೆ ಏನಾಯಿತೆಂದು ಮನೆಯವರಿಗೆ ನಿಜ ಹೇಳಬೇಕೆಂಬ ತವಕ, ಎರಡೂ ಅವನಲ್ಲಿದ್ದವು. ಎರಡಕ್ಕೂ ಅವನು ಅಷ್ಟೇ ಶ್ರಮಪಟ್ಟು ತೂತು ಚುಚ್ಚಿದ್ದಾನೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವ ಅಧಿಕಾರ ಯಾರಿಗೂ ಇರಲಿಲ್ಲ.


ನಿವೃತ್ತ ಹವಾಲ್ದಾರ್, ಕೊಡಗು

ಹಾಗೆ ನೋಡಿದರೆ ನಿಮ್ಮ ಮಾತು ಸರಿ. ಒಂದು ವಿನಂತಿ ಮಾತ್ರ. ಮುಂದೆ ಯಾರಾದರೂ ಈ ಚರ್ಚೆಯನ್ನು ಓದುವಾಗ ಊರಿಯ ಹೆಸರಿನ ಜತೆಗೆ ದರ್ಜೆ ಕಳೆದುಕೊಂಡು ಸಿನಾಯ್‌ನಲ್ಲಿ ಸತ್ತ ಮೇಯಿರ್ ಯಾಕೋಬಿಯ ಹೆಸರೂ ಕಣ್ಣಿಗೆ ಬೀಳಬೇಕು. ಅವನನ್ನು ನೆನೆಯಲು ಯಾರ ಬಳಿಯೂ ಚೀಟಿ ಇಲ್ಲ. ನಿಮ್ಮ ಮೊದಲ ಬರಹದಲ್ಲಿ ಅವನ ಬಗ್ಗೆ ಒಂದು ವಾಕ್ಯ ಸೇರಿಸುತ್ತೀರಾ?


ಧಾರವಾಡದ ಗ್ರಂಥಪಾಲಕ

ಖಂಡಿತ ಸೇರಿಸುತ್ತೇನೆ ಸರ್. ಇವತ್ತೇ ಸೇರಿಸುತ್ತೇನೆ.